ಸಾಧನೀಯ

ಒಂಬತ್ತನೇ ಇಯತ್ತೆ ಶುರುವಾದ ವಾರವೇ
ಕಮರುನ್ನಿಸಾ ಟೀಚರು ಹೇಳಿಬಿಟ್ಟರು:
ಹತ್ತರ ತನಕ ಕನ್ನಡ ನಿಮ್ಮನ್ನ ಹೊತ್ತುಕೊಂಡು ಬರ್ತದ,
ಆಮ್ಯಾಲ ಇಳಸ್ತದ. ಈಗಿಂದ ನಡಿಯೂದು ಕಲೀರಿ.

ಆ ರಾತ್ರಿ ಇನ್ನೂರು ಪುಟದ ನೋಟ್‌ಬುಕ್ಕಿಗೆ
ನಟ್ಟನಡುವೆ ಗೆರೆ ಎಳೆದೆ.
ಎಡಕ್ಕೆ ತ್ರಿಜ್ಯ, ಬಲಕ್ಕೆ ರೇಡಿಯಸ್.
ಎಡಕ್ಕೆ ಆಮ್ಲ, ಬಲಕ್ಕೆ ಆಸಿಡ್.
ಅವ್ವ ಕಕ್ಕಸು ತೊಳೆಯುವ ಫ್ಲ್ಯಾಟುಗಳಲ್ಲಿ
ಅದಕ್ಕೆ ಮೊದಲಿನಿಂದಲೂ ಆಸಿಡ್ಡೇ ಅಂತಾರೆ,
ಆ ಒಂದು ಪದ ನನಗಿಂತ ಮುಂಚೆ ಅವ್ವ ಕಲಿತಿದ್ದಳು.
ದ್ಯುತಿಸಂಶ್ಲೇಷಣೆಗೆ ಮಾತ್ರ ಮೂರು ದಿನ ಹಿಡಿಯಿತು.
ಎಲೆಗೆ ಇದೇನೂ ಗೊತ್ತಿಲ್ಲ ಪಾಪ,
ಯಾವ ಹೆಸರಲ್ಲಿ ಕರೆದರೂ ಬಿಸಿಲು ತಿನ್ನುತ್ತದೆ.

ವಾಸ್ಕೋದಲ್ಲಿ ಬಂದರಿನ ಕಲ್ಲಿದ್ದಲ ಹುಡಿ ಹಾರಿಬಂದು
ಓದುವ ಪುಟದ ಮೇಲೆ ಕೂತಿರುತ್ತದೆ.
ಊದಿದರೆ ಹರಡುತ್ತದೆ, ಒರೆಸಿದರೆ ಬಳಿಯುತ್ತದೆ.
ಪುಸ್ತಕ ಬಗ್ಗಿಸಿ ಮೆಲ್ಲಗೆ ತಟ್ಟಬೇಕು.
ಇದೂ ಒಂದು ವಿದ್ಯೆ, ಯಾವ ಪರೀಕ್ಷೆಯಲ್ಲೂ ಕೇಳಲ್ಲ.

ಅವ್ವನ ತಯಾರಿಯೇ ಬೇರೆ.
ಆಕೆಯದು ಬಿಸ್ಕೀಟಿನ ಡಬ್ಬಿ.
ಅದರಲ್ಲಿ ನನ್ನ ಪೋಲಿಯೋ ಚೀಟಿ, ಬಾಡಿಗೆಯ ರಸೀದಿ,
ಯಾರದೋ ಹೆಸರಿನ ಕರೆಂಟು ಬಿಲ್ಲು,
ನನಗೆ ಚೇಳು ಕಡಿದ ರಾತ್ರಿಯ ಆಸ್ಪತ್ರೆ ಕಾಗದ.
ಹದಿನೈದು ವರ್ಷ ಇಲ್ಲೇ ಇದ್ದೆವೆಂದು ಕಚೇರಿ ನಂಬಬೇಕು,
ನಂಬಿದರೆ ಕಾಲೇಜಿನ ಹೊತ್ತಿಗೆ ಒಂದಿಷ್ಟು ಸವಲತ್ತು.
ಮೂರು ತಿಂಗಳ ಕೂಸಾಗಿ, ಸಿಂದಗಿ ಕಡೆಯಿಂದ
ಈರುಳ್ಳಿ ಲಾರಿಯ ಮೇಲೆ ಬಂದವಳು ನಾನು.

ಕಿಟಕಿಯ ಗುಮಾಸ್ತ ಕೊಂಕಣಿಯಲ್ಲಿ ಎಣಿಸಿದ,
ಬೆರಳಿಗೆ ಎಂಜಲು ಹಚ್ಚಿ, ವರ್ಷಕ್ಕೊಂದು ಕಾಗದ.
ಎಂಟರ ಹತ್ತಿರ ಬೆರಳು ನಿಂತಿತು.
ಎರಡು ವರ್ಷ ಕಾಣೆ.

ಬಾಯ್ನಾದ ನಮ್ಮ ಗುಡಿಸಲು ಕೆಡವಿದ ಕಾಲ ಅದು.
ಹೊಸಮನಿ ಅಂತ ನಮ್ಮ ಅಡ್ಡಹೆಸರು.
ಇದ್ದ ಮನಿ ಬಿದ್ದರs ಹೊಸಮನಿ ಅಂತ ಅಪ್ಪ ಆಗಲೂ ನಗಿಸಿದ್ದ.
ವೆರ್ಣಾದಲ್ಲಿ ಅವನು ಕಟ್ಟುತ್ತಿದ್ದ ಏಳಂತಸ್ತಿನಲ್ಲಿ
ಗೋಡೆಯಿಲ್ಲದ ಎರಡನೇ ಮಹಡಿಯಲ್ಲಿ ಮಲಗಿದೆವು,
ಅಲ್ಲಿಗೆ ಗೋಡೆ ಬಂದಾಗ ಮೂರಕ್ಕೆ, ಆಮೇಲೆ ನಾಲ್ಕಕ್ಕೆ.
ಅದಕ್ಕೆ ರಸೀದಿ ಯಾರು ಕೊಡುತ್ತಾರೆ?

"ಪ್ರೂಫ್ ಜಾಯ್," ಅಂದ, ಕಾಗದ ವಾಪಸು ತಳ್ಳಿ.

ಮರುದಿನ ರೇಖಾಗಣಿತದ ಟೆಸ್ಟು.
ದತ್ತ, ಸಾಧನೀಯ, ರಚನೆ, ಸಾಧನೆ
ಎಂದು ಎಡಕ್ಕೆ ಬರೆದು ಬಲಕ್ಕೆ ಬಂದಾಗ ಕೈ ನಿಂತಿತು.
ಸಾಧನೆ ಅಂದರೆ ಪ್ರೂಫ್.
ಶಾಲು ಹೊದಿಸಿ ಹಾರ ಹಾಕುವಾಗ ಆಡುವ ಮಾತನ್ನೇ
ನಮ್ಮ ಪುಸ್ತಕ ಪುರಾವೆಗೆ ಇಟ್ಟಿದೆ.
ಕಿಟಕಿಯವನಿಗೆ ಇದು ಗೊತ್ತಿರಲಿಕ್ಕಿಲ್ಲ.
ರಚನೆ ಅಂದರೆ ಕನ್‌ಸ್ಟ್ರಕ್ಷನ್ ಎಂದು ಓದಿದ್ದು ಕೇಳಿ
ಅಪ್ಪ ಬೀಡಿ ಆರಿಸಿ ಹತ್ತಿರ ಬಂದ. "ನಂದs ಕೆಲಸೇನು?"
ಅಲ್ಲಪ್ಪ, ಚಿತ್ರದಲ್ಲಿ ಮೊದಲು ಇಲ್ಲದ ಒಂದು ಗೆರೆ,
ಚುಕ್ಕೆ ಚುಕ್ಕೆಯಾಗಿ ನಾವೇ ಎಳೆಯೋದು,
ಅದನ್ನು ಎಳೆಯದೆ ಮುಂದಿನದು ಸಿದ್ಧವಾಗಲ್ಲ ಅಂದೆ.
"ಸಿದ್ಧ ಆದಮ್ಯಾಲ ಆ ಗೆರಿ ಅಳಸ್ತಾರೇನು?"
ಪುಸ್ತಕದಾಗ ಅಳಸಂಗಿಲ್ಲ, ಅಂದೆ.
ಬಹಳ ಹೊತ್ತು ಆ ಪುಟವನ್ನೇ ನೋಡಿದ.

ಶನಿವಾರ ಟೀಚರು ಕಪಾಟಿನ ತಳದಿಂದ
ಮೂಲೆ ಗೆದ್ದಲು ತಿಂದ ಹಾಜರಿ ಪುಸ್ತಕ ಎಳೆದರು.
ಮೂರನೇ ಇಯತ್ತೆ, ಹದಿನೇಳನೇ ನಂಬರು,
ದ್ಯಾಮವ್ವ ಯಮನೂರಪ್ಪ ಹೊಸಮನಿ.
ವೆರ್ಣಾದಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದೆ.
ಟಿಕೀಟು ಉಳಿಸಲು ಅವ್ವ ನನಗೆ ನಾಲ್ಕೇ ವರ್ಷ ಅನ್ನುತ್ತಿದ್ದಳು.
ಅಲ್ಲಿ ಕಳೆದದ್ದೇ ಇಲ್ಲಿ ಕಡಿಮೆ ಬಿತ್ತೇನೋ!
ಜೂನಿನಿಂದ ಮಾರ್ಚಿನವರೆಗೆ ಸಣ್ಣ ಸಣ್ಣ ಓರೆ ಗೆರೆ,
ಮಳೆ ಜೋರಾದ ದಿನಗಳಲ್ಲಿ ಮಾತ್ರ ಕೆಂಪು "ಗೈ".

ನಾಲ್ಕನೇ ಇಯತ್ತೆಯದು ಸಿಗಲಿಲ್ಲ.
ಇನ್ನೊಂದು ಕಪಾಟಿದೆಯಂತೆ, ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ,
ಅವರು ಸೋಮವಾರ ಬರುತ್ತಾರೆ.
ಅವ್ವ ಈಗಲೇ ಡಬ್ಬಿಯಲ್ಲಿ ಜಾಗ ಮಾಡುತ್ತಿದ್ದಾಳೆ,
ಚೇಳಿನ ಕಾಗದವನ್ನು ಒಂದಿಷ್ಟು ಆಚೆ ಸರಿಸಿ.